ಮಿಡಿಗೇಶಿಯಲ್ಲಿ ಮಧ್ಯಾಹ್ನ ಎಷ್ಟು ಗಂಟೆಗೆ?

ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಕೋಟೆಯನ್ನು ಹೊತ್ತ ಬೆಟ್ಟವೊಂದು ಎದುರಾಗುತ್ತದೆ. ಅದರ ಬುಡದಲ್ಲಿರುವ ಊರೇ ಮಿಡಿಗೇಶಿ. ಏಪ್ರಿಲ್ ತಿಂಗಳ ಮಧ್ಯಭಾಗದಲ್ಲಿ ನಮ್ಮ ವಿದ್ಯಾರ್ಥಿಗಳು ಈ ಊರಿನ ಮನೆಯೊಂದರ ಮಾಳಿಗೆಯ ಮೇಲೆ ಎರಡು ಸಣ್ಣ ಪೆಟ್ಟಿಗೆಗಳನ್ನು ಇಟ್ಟು ಬಂದರು. ಒಂದೊಂದು ಪೆಟ್ಟಿಗೆಯಲ್ಲಿಯೂ ಬಿಸಿಲಿನ ತೀಕ್ಷ್ಣತೆಯನ್ನು ಅಳೆಯುವ ಉಪಕರಣವೂ, ಅಂಗೈಯಗಲದ ಕಂಪ್ಯೂಟರೂ ಇದ್ದುವು. ನಿಮಿಷಕ್ಕೊಮ್ಮೆ ಬಿಸಿಲನ್ನು ಅಳೆದು, ಆಗಿನ ಗಂಟೆಯನ್ನು ಅದರ ಪಕ್ಕದಲ್ಲಿ ಬರೆದಿಡುವುದಷ್ಟೇ ಅವುಗಳ ಕೆಲಸ. ಎರಡಕ್ಕೂ ಕೊಟ್ಟ ಕ್ರಮಲೇಖ ಅಕ್ಷರಶಃ ಒಂದೇ. ಕಾಲವಲಯದ ಹೆಸರನ್ನೂ ಎರಡಕ್ಕೂ ಒಂದೇ ಬಗೆಯಾಗಿ ತಿಳಿಸಲಾಗಿತ್ತು: 'ಏಷ್ಯಾ/ಕೋಲ್ಕತಾ'.

ಮಾರನೆಯ ದಿನ ಬರೆಹಗಳನ್ನು ತೆರೆದು ನೋಡಿದಾಗ ನಮಗೆ ಆಶ್ಚರ್ಯ ಕಾದಿತ್ತು. ಬಿಸಿಲು ಏರಿ ಇಳಿದ ರೇಖೆ ಎರಡರಲ್ಲಿಯೂ ಒಂದೇ ಆಕಾರದ್ದಾಗಿತ್ತು. ಆದರೆ ಸೂರ್ಯನು ನೆತ್ತಿಗೆ ಬಂದ ಹೊತ್ತು ಮೊದಲನೆಯ ಪೆಟ್ಟಿಗೆಯ ಪ್ರಕಾರ 12 ಗಂಟೆ 21 ನಿಮಿಷ. ಎರಡನೆಯದರ ಪ್ರಕಾರ ಬೆಳಗ್ಗೆ 6 ಗಂಟೆ 51 ನಿಮಿಷ! ಒಂದೇ ಮಾಳಿಗೆ, ಒಂದೇ ಸೂರ್ಯ, ಒಂದೇ ಕ್ರಮಲೇಖ. ಮಧ್ಯಾಹ್ನಗಳು ಮಾತ್ರ ಎರಡು. ಇದು ಹೇಗಾಯಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸೂರ್ಯನ ಮಾತು

12 ಗಂಟೆ 21 ನಿಮಿಷವೆಂಬುದು ಸರಿಯಾದ ಉತ್ತರವೆ? ಮಧ್ಯಾಹ್ನವೆಂದರೆ ಸರಿಯಾಗಿ 12 ಗಂಟೆ ಆಗಬೇಕಲ್ಲವೆ? ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸುತ್ತವೆ. ಮಿಡಿಗೇಶಿ ಸುಮಾರು 77.2 ಡಿಗ್ರಿಯಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ 5.3 ಡಿಗ್ರಿಯ ಅಂತರಕ್ಕೆ ಸುಮಾರು 21 ನಿಮಿಷ. ಆ ರೇಖಾಂಶವನ್ನು ದಾಟಿದ ಸೂರ್ಯನು ಮಿಡಿಗೇಶಿಯ ಬೆಟ್ಟದ ಮೇಲೆ ಬರುವುದು 21 ನಿಮಿಷ ತಡವಾಗಿ. ವರ್ಷದ ಬೇರೆ ಬೇರೆ ದಿನಗಳಲ್ಲಿ ಸೂರ್ಯನು ಗಡಿಯಾರಕ್ಕಿಂತ ಕೆಲವು ನಿಮಿಷ ಮುಂದಾಗಿಯೋ ಹಿಂದಾಗಿಯೋ ಇರುವುದುಂಟು. ಏಪ್ರಿಲ್ ಮಧ್ಯಭಾಗದಲ್ಲಿ ಆ ವ್ಯತ್ಯಾಸ ಹೆಚ್ಚು ಕಡಿಮೆ ಸೊನ್ನೆ. ಹೀಗಾಗಿ ಮೊದಲನೆಯ ಪೆಟ್ಟಿಗೆ ನಿಜವನ್ನೇ ನುಡಿದಿತ್ತು.

ಎರಡನೆಯದರ ತಪ್ಪು ಎಷ್ಟು? 12 ಗಂಟೆ 21 ನಿಮಿಷದಿಂದ 6 ಗಂಟೆ 51 ನಿಮಿಷವನ್ನು ಕಳೆದರೆ ಉಳಿಯುವುದು ಸರಿಯಾಗಿ 5 ಗಂಟೆ 30 ನಿಮಿಷ. ಭಾರತೀಯ ಕಾಲವು ಗ್ರೀನಿಚ್ ಕಾಲಕ್ಕಿಂತ ಅಷ್ಟೇ ಮುಂದಿದೆ. ಎಂದರೆ ಎರಡನೆಯ ಪೆಟ್ಟಿಗೆ ಕೆಟ್ಟಿರಲಿಲ್ಲ. ಮಿಡಿಗೇಶಿಯ ಮಾಳಿಗೆಯ ಮೇಲೆ ಕುಳಿತು ಗ್ರೀನಿಚ್ಚಿನ ಗಂಟೆಯನ್ನು ಹೇಳುತ್ತಿತ್ತು.

ಎಣಿಕೆ ಮತ್ತು ಅನುವಾದ

ನಮ್ಮ ಪ್ರಾಚೀನ ಜ್ಯೋತಿಷಿಗಳು ತಿಥಿ ವಾರಗಳನ್ನು ಲೆಕ್ಕ ಮಾಡುವ ಮೊದಲು 'ಅಹರ್ಗಣ'ವನ್ನು ಕಂಡುಹಿಡಿಯುತ್ತಿದ್ದರು. ಕಲಿಯುಗದ ಆರಂಭದಿಂದ ಈವರೆಗೆ ಕಳೆದ ದಿನಗಳ ಒಟ್ಟು ಸಂಖ್ಯೆಯೇ ಅಹರ್ಗಣ. ಕಂಪ್ಯೂಟರುಗಳ ಪದ್ಧತಿಯೂ ಇದೇ ಬಗೆಯದು. 1970ರ ಜನವರಿ 1ರಂದು ಗ್ರೀನಿಚ್ ಕಾಲದ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡುಗಳು ಕಳೆದಿವೆ ಎಂಬ ಒಂದೇ ಒಂದು ಸಂಖ್ಯೆಯನ್ನು ಅವು ಇಟ್ಟುಕೊಂಡಿರುತ್ತವೆ. ಆ ಕ್ಷಣದಲ್ಲಿ ನಮ್ಮ ನಾಡಿನ ಗಡಿಯಾರಗಳು ಬೆಳಗಿನ 5 ಗಂಟೆ 30 ನಿಮಿಷವನ್ನು ತೋರಿಸುತ್ತಿದ್ದುವು. ಮಾಳಿಗೆಯ ಮೇಲಿನ ಎರಡು ಪೆಟ್ಟಿಗೆಗಳಲ್ಲಿಯೂ ಈ ಸಂಖ್ಯೆ ಒಂದೇ ಆಗಿತ್ತು. ಅದನ್ನು ನಾವು ಪರೀಕ್ಷಿಸಿ ನೋಡಿದೆವು.

ಆದರೆ ಅಹರ್ಗಣದಿಂದ ಮುಹೂರ್ತ ತಿಳಿಯದು. ಅದಕ್ಕೆ ಪಂಚಾಂಗ ಬೇಕು. ಹಾಗೆಯೇ ಈ ಸೆಕೆಂಡುಗಳ ಎಣಿಕೆಯನ್ನು 'ಏಪ್ರಿಲ್ 15, ಮಧ್ಯಾಹ್ನ 12 ಗಂಟೆ 21 ನಿಮಿಷ' ಎಂದು ಅನುವಾದಿಸಿಕೊಡುವವರೊಬ್ಬರು ಬೇಕು. ಈ ಕೆಲಸವನ್ನು ಮಾಡುವುದು ಸಿ ಲೈಬ್ರರಿ.

ಲೈಬ್ರರಿ ಎಂದೊಡನೆ ವಾಚಕರು ಪುಸ್ತಕಭಂಡಾರವನ್ನು ನೆನೆಯಬಾರದು. ಸಿ ಎಂಬುದು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ರೂಪಿಸಿದ ಕಂಪ್ಯೂಟರ್ ಭಾಷೆ. ಪ್ರತಿಯೊಂದು ಕ್ರಮಲೇಖಕ್ಕೂ ಮತ್ತೆ ಮತ್ತೆ ಬೇಕಾಗುವ ಕೆಲಸಗಳನ್ನು ಒಮ್ಮೆ ಬರೆದು, ಎಲ್ಲರ ಉಪಯೋಗಕ್ಕಾಗಿ ಒಂದೆಡೆ ಇರಿಸಿದ ಸಂಗ್ರಹವೇ ಅದರ ಲೈಬ್ರರಿ. ಎಣಿಕೆಯನ್ನು ಸ್ಥಳೀಯ ಗಂಟೆಗೆ ತಿರುಗಿಸುವ 'ಲೋಕಲ್‌ಟೈಮ್', ಗಂಟೆಯನ್ನು ಎಣಿಕೆಗೆ ತಿರುಗಿಸುವ 'ಮೇಕ್‌ಟೈಮ್' ಎಂಬ ಕಾರ್ಯಗಳು ಅದರಲ್ಲಿವೆ. ಈ ಕಾರ್ಯಗಳ ಹೆಸರನ್ನೂ ಪ್ರಯೋಜನವನ್ನೂ ಅಂಗೀಕೃತ ಮಾನಕವೊಂದು ಗೊತ್ತುಮಾಡಿದೆ. ಆದರೆ ನಾಡು ನಾಡಿನ ಕಾಲನಿಯಮಗಳನ್ನು ಎಲ್ಲಿಂದ ತಿಳಿಯಬೇಕು, ತಿಳಿಯದಿದ್ದಾಗ ಏನು ಮಾಡಬೇಕು ಎಂಬುದನ್ನು ಸಿ ಭಾಷೆಯ ಮಾನಕವು ಲೈಬ್ರರಿ ಬರೆಯುವವರ ವಿವೇಚನೆಗೆ ಬಿಟ್ಟಿದೆ. ಹೀಗಾಗಿ ಸಿ ಲೈಬ್ರರಿ ಒಂದಲ್ಲ, ಹಲವು. ಲಿನಕ್ಸ್ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಇರುವುದು ಗ್ನು ಸಂಸ್ಥೆಯ ಗ್ಲಿಬ್‌ಸಿ. ಸಣ್ಣ ಯಂತ್ರಗಳಿಗಾಗಿ ಹಗುರವಾಗಿ ಬರೆದು, 2011ರಲ್ಲಿ ಹೊರತಂದದ್ದು ಮಸಲ್. ವಿಂಡೋಸ್ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಲೈಬ್ರರಿ ಇದೆ. ಜೋಯಿಸರು ಮೂವರು, ಅವರು ನೋಡುವ ಪಂಚಾಂಗವೂ ಒಂದೇ ಅಲ್ಲ.

ಒಂದೇ ಹೆಸರು, ಬೇರೆ ಉತ್ತರ

ಲೋಕದ ಎಲ್ಲ ಕಾಲವಲಯಗಳ ಇತಿಹಾಸವನ್ನು ಒಳಗೊಂಡ ಒಂದು ಕೋಷ್ಟಕವಿದೆ. ಆರ್ಥರ್ ಡೇವಿಡ್ ಓಲ್ಸನ್ನರು 1980ರ ದಶಕದಲ್ಲಿ ಆರಂಭಿಸಿದ ಈ ಕಾರ್ಯವನ್ನು ಪಾಲ್ ಎಗರ್ಟರು ಮುಂದುವರಿಸಿದ್ದಾರೆ. ಇದರಲ್ಲಿ ಭಾರತದ ಅಧ್ಯಾಯಕ್ಕೆ 'ಏಷ್ಯಾ/ಕೋಲ್ಕತಾ' ಎಂದು ಹೆಸರು. ಗ್ಲಿಬ್‌ಸಿ ಈ ಕೋಷ್ಟಕದ ಕಡತಗಳನ್ನು ತೆರೆದು ನೋಡಿ ಉತ್ತರ ಹೇಳುತ್ತದೆ. ಮಸಲ್ ಸಹ ಹಾಗೆಯೇ. ಆದರೆ ಮಸಲ್ ಇರುವ ಸಣ್ಣ ವ್ಯವಸ್ಥೆಗಳಲ್ಲಿ ಸ್ಥಳವನ್ನು ಉಳಿಸುವುದಕ್ಕಾಗಿ ಕೋಷ್ಟಕವನ್ನೇ ಸೇರಿಸದೆ ಬಿಡುವ ರೂಢಿ ಇದೆ. ನಮ್ಮ ಎರಡನೆಯ ಪೆಟ್ಟಿಗೆಯಲ್ಲಿ ಆದುದು ಇದೇ. ಹೆಸರನ್ನು ಕೇಳಿದ ಲೈಬ್ರರಿ ಪಂಚಾಂಗಕ್ಕಾಗಿ ಹುಡುಕಿತು, ಸಿಕ್ಕಲಿಲ್ಲ. ಆಕ್ಷೇಪವನ್ನೇನೂ ಹೇಳದೆ ಗ್ರೀನಿಚ್ ಕಾಲವನ್ನು ಬರೆಯುತ್ತ ಹೋಯಿತು.

ಈ ಮೌನವೇ ಅಪಾಯಕಾರಿ. ಕಡತ ಸಿಕ್ಕದಿದ್ದರೆ ಗ್ಲಿಬ್‌ಸಿಯೂ ಗ್ರೀನಿಚ್ ಕಾಲವನ್ನೇ ಕೊಡುತ್ತದೆ. ಸಾಲದುದಕ್ಕೆ ಹೆಸರಿನ ಮೊದಲ ಭಾಗವನ್ನು ಕಿತ್ತುಕೊಂಡು ಗಂಟೆಯ ಮುಂದೆ 'ಏಷ್ಯಾ' ಎಂಬ ಮುದ್ರೆಯನ್ನೂ ಒತ್ತುತ್ತದೆ. ಏಷ್ಯಾದ ಮುದ್ರೆ ಹೊತ್ತ ಗ್ರೀನಿಚ್ ಕಾಲವನ್ನು ಕಂಡು ಮೋಸಹೋಗದವರು ವಿರಳ. ಮೈಕ್ರೋಸಾಫ್ಟ್ ಲೈಬ್ರರಿಗೆ ಈ ಬಗೆಯ ಹೆಸರಿನ ಪರಿಚಯವೇ ಇಲ್ಲ. ಮೂರು ಅಕ್ಷರದ ಹೆಸರು, ಅದರ ಮುಂದೆ ಅಂತರ, ಇಷ್ಟನ್ನು ಮಾತ್ರ ಅದು ಓದಬಲ್ಲುದು. 'ಏಷ್ಯಾ/ಕೋಲ್ಕತಾ' ಎಂದರೆ ಅಂತರ ಸೊನ್ನೆ ಎಂದು ತಿಳಿಯುತ್ತದೆ.

ಕೋಷ್ಟಕದ ಗೊಡವೆಯಿಲ್ಲದೆ ಅಂತರವನ್ನು ನೇರವಾಗಿ ತಿಳಿಸುವ ದಾರಿಯೂ ಇದೆ. ಅದರಲ್ಲಿಯೂ ಒಂದು ಮುಳ್ಳಿದೆ. ಈ ಪದ್ಧತಿಯಲ್ಲಿ ಗ್ರೀನಿಚ್ಚಿನ ಪಶ್ಚಿಮಕ್ಕಿರುವ ನಾಡುಗಳ ಅಂತರ ಧನ, ಪೂರ್ವದವುಗಳದು ಋಣ. ಆದುದರಿಂದ ಭಾರತಕ್ಕೆ 'ಐಎಸ್‌ಟಿ ಋಣ 5:30' ಎಂದು ಬರೆಯಬೇಕು. ಸಹಜಬುದ್ಧಿಯಿಂದ ಧನಚಿಹ್ನೆಯನ್ನು ಹಾಕಿದರೆ ಗಡಿಯಾರ ಐದೂವರೆ ಗಂಟೆ ಮುಂದಾಗುವ ಬದಲು ಹಿಂದಾಗಿ, ಒಟ್ಟು 11 ಗಂಟೆಗಳ ತಪ್ಪಾಗುತ್ತದೆ. ಐಎಸ್‌ಟಿ ಎಂಬ ಮೂರಕ್ಷರವನ್ನಾದರೂ ನಂಬೋಣವೆಂದರೆ, ಇಸ್ರೇಲ್ ಮತ್ತು ಐರ್ಲೆಂಡ್ ದೇಶಗಳ ಕಾಲಕ್ಕೂ ಅದೇ ಸಂಕ್ಷೇಪವಿದೆ.

1943ರಲ್ಲಿ ಹುಟ್ಟಿದ ಅಜ್ಜಿ

ಭಾರತದಲ್ಲಿ ಬೇಸಗೆಯ ಕಾಲ, ಚಳಿಗಾಲದ ಕಾಲ ಎಂದು ಗಡಿಯಾರವನ್ನು ತಿರುಗಿಸುವ ಪದ್ಧತಿ ಇಲ್ಲ. ಐದೂವರೆ ಗಂಟೆಯನ್ನು ಕೂಡಿಸಿಬಿಟ್ಟರೆ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ಇಂದಿನ ದಿನಾಂಕಗಳಿಗೆ ಇದು ಸಾಕು. ಹಿಂದಿನವುಗಳಿಗೆ ಸಾಲದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸಲಾಗಿತ್ತು. ಕೋಷ್ಟಕದ ಪ್ರಕಾರ 1941ರ ಅಕ್ಟೋಬರಿನಿಂದ 1942ರ ಮೇ 15ರವರೆಗೆ ಒಮ್ಮೆ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಇನ್ನೊಮ್ಮೆ, ನಮ್ಮ ಕಾಲ ಗ್ರೀನಿಚ್ಚಿಗಿಂತ ಆರೂವರೆ ಗಂಟೆ ಮುಂದಿತ್ತು. ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಿಡಿಗೇಶಿಯ ಅಜ್ಜಿಯೊಬ್ಬರು 1943ರ ಜೂನ್ ತಿಂಗಳಿನಲ್ಲಿ ಗಡಿಯಾರ ಬೆಳಗಿನ 6 ಗಂಟೆ ತೋರಿಸುತ್ತಿದ್ದಾಗ ಹುಟ್ಟಿದರೆನ್ನೋಣ. ಆ ತಿಂಗಳಲ್ಲಿ ಇಲ್ಲಿ ಸೂರ್ಯೋದಯ ಈಗಿನ ಗಡಿಯಾರದಂತೆ ಸುಮಾರು 5 ಗಂಟೆ 55 ನಿಮಿಷಕ್ಕೆ. ಇಂದಿನ ಲೆಕ್ಕದಲ್ಲಿ ನೋಡಿದರೆ ಅಜ್ಜಿ ಹುಟ್ಟಿದ್ದು ಸೂರ್ಯೋದಯದ ಅನಂತರ. ಆದರೆ ಆ ಗಡಿಯಾರ ಯುದ್ಧಕಾಲದ್ದಾಗಿದ್ದರೆ ಅದರ 6 ಗಂಟೆ ಎಂದರೆ ನಮ್ಮ 5 ಗಂಟೆ, ಇನ್ನೂ ಕತ್ತಲೆ. ನಮ್ಮ ಸಂಪ್ರದಾಯದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಎಂದರೆ ಅಜ್ಜಿ ಹುಟ್ಟಿದ ವಾರವೇ ಬೇರೆಯಾಗುತ್ತದೆ. ಜಾತಕದ ಫಲವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಹುಟ್ಟಿದ ವಾರ ಯಾವುದೆಂಬ ಪ್ರಶ್ನೆ ಮಾತ್ರ ಶುದ್ಧ ಗಣಿತದ್ದು.

ಇದೇ ಪ್ರಶ್ನೆಯನ್ನು ಮೂರು ಲೈಬ್ರರಿಗಳ ಮುಂದಿಟ್ಟರೆ ಏನಾಗುತ್ತದೆ? ಕೋಷ್ಟಕವಿರುವ ಗ್ಲಿಬ್‌ಸಿ ಆರೂವರೆ ಗಂಟೆಯ ಅಂತರವನ್ನು ಹಿಡಿಯುತ್ತದೆ. ಕೋಷ್ಟಕವಿಲ್ಲದೆ 'ಐಎಸ್‌ಟಿ ಋಣ 5:30' ಎಂದಷ್ಟೇ ತಿಳಿದ ಲೈಬ್ರರಿ, ಗ್ಲಿಬ್‌ಸಿಯೇ ಆಗಲಿ ಮಸಲ್ ಆಗಲಿ, ಐದೂವರೆಯನ್ನೇ ಹಿಡಿದು ಒಂದು ಗಂಟೆ ತಪ್ಪುತ್ತದೆ. 1943 ಎಂಬುದು 1970ಕ್ಕೆ ಹಿಂದಿನದಾದುದರಿಂದ ಎಣಿಕೆ ಋಣಸಂಖ್ಯೆಯಾಗುತ್ತದೆ. ಮೈಕ್ರೋಸಾಫ್ಟ್ ಲೈಬ್ರರಿಯ ಮೇಕ್‌ಟೈಮ್ ಅಂತಹ ದಿನಾಂಕವನ್ನು ಸ್ವೀಕರಿಸದೆ ದೋಷಸೂಚನೆಯನ್ನು ಹಿಂದಿರುಗಿಸುತ್ತದೆ. ತಪ್ಪು ಉತ್ತರಕ್ಕಿಂತ ಈ ನಿರಾಕರಣೆ ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಅದನ್ನು ಗಮನಿಸುವ ಎಚ್ಚರ ಕ್ರಮಲೇಖಕನಿಗೆ ಇರಬೇಕು.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. 1945ರ ಅಕ್ಟೋಬರ್ 14ರ ರಾತ್ರಿ 12 ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದುದರಿಂದ, ಆ ರಾತ್ರಿ 11ರಿಂದ 12ರವರೆಗಿನ ಗಂಟೆ ಎರಡು ಸಲ ಬಂದಿತು. 1942ರ ಆಗಸ್ಟ್ 31ರ ಮಧ್ಯರಾತ್ರಿ ಕಳೆದೊಡನೆ ಗಡಿಯಾರ ಒಂದಕ್ಕೆ ಹಾರಿದುದರಿಂದ, ಆ ಒಂದು ಗಂಟೆ ಬರಲೇ ಇಲ್ಲ. ಇಂತಹ ಗಂಟೆಯನ್ನು ಕೊಟ್ಟು ಎಣಿಕೆ ಎಷ್ಟೆಂದು ಕೇಳಿದರೆ ಯಾವ ಉತ್ತರ ಹೇಳಬೇಕೆಂಬುದನ್ನು ಸಿ ಮಾನಕ ಕಟ್ಟುಮಾಡಿಲ್ಲ. ಗಡಿಯಾರ ಮುಂದೆ ಸರಿದ ಕಾಲವೆ ಅಲ್ಲವೆ ಎಂಬುದನ್ನು ಸೂಚಿಸಲು ಕ್ರಮಲೇಖಕನಿಗೆ ಒಂದು ಗುರುತು ಇದೆ. ಭಾರತದಲ್ಲಿ ಅಂತಹ ಪದ್ಧತಿಯೇ ಇಲ್ಲವೆಂದು ಭಾವಿಸಿ ಎಲ್ಲ ಕಡೆ ಸೊನ್ನೆಯನ್ನು ಬರೆದವನು, 1943ರ ದಿನಾಂಕಕ್ಕೆ ಬಂದಾಗ ತಾನೇ ತೋಡಿದ ಹಳ್ಳಕ್ಕೆ ಬೀಳುತ್ತಾನೆ. 'ನೀನೇ ನಿರ್ಧರಿಸು' ಎಂಬ ಅರ್ಥದ ಋಣ ಒಂದನ್ನು ಬರೆದರೆ ಲೈಬ್ರರಿ ಕೋಷ್ಟಕವನ್ನು ನೋಡಿ ನಿರ್ಣಯಿಸುತ್ತದೆ.

ಪಂಚಾಂಗವೂ ತಿದ್ದಲ್ಪಡುತ್ತದೆ

ಲೈಬ್ರರಿ ಒಂದೇ ಆಗಿದ್ದು ಕೋಷ್ಟಕದ ಆವೃತ್ತಿ ಬೇರೆಯಾದರೂ ಉತ್ತರ ಬದಲಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಕಾಲ ಒಂದಾಗಿರಲಿಲ್ಲ. ಮದರಾಸಿನ ವೀಕ್ಷಣಾಲಯದ ಕಾಲ ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ ಮುಂದಿತ್ತು. ರೈಲುಗಳು ಅದನ್ನು ಅನುಸರಿಸುತ್ತಿದ್ದುವು. ಬೊಂಬಾಯಿಯ ಕಾಲ 4 ಗಂಟೆ 51 ನಿಮಿಷ. ಕಲ್ಕತ್ತೆಯದು 5 ಗಂಟೆ 53 ನಿಮಿಷ. 1906ರ ಜನವರಿ 1ರಂದು ಐದೂವರೆ ಗಂಟೆಯ ಏಕಕಾಲ ಜಾರಿಗೆ ಬಂದ ಮೇಲೆಯೂ ಕಲ್ಕತ್ತೆ ಮತ್ತು ಬೊಂಬಾಯಿ ನಗರಗಳು ದಶಕಗಳ ಕಾಲ ತಮ್ಮ ಹಳೆಯ ಗಂಟೆಯನ್ನು ಬಿಡಲಿಲ್ಲ.

ಕೋಷ್ಟಕದ ಹಳೆಯ ಆವೃತ್ತಿಗಳು ಭಾರತದ ಅಧ್ಯಾಯದಲ್ಲಿ 1941ರವರೆಗೂ ಕಲ್ಕತ್ತೆಯ ಕಾಲವನ್ನೇ ಬರೆದಿದ್ದುವು. ಮುಂದೆ ಅದನ್ನು ತಿದ್ದಿ, 1905ರ ಕೊನೆಯವರೆಗೆ ಮದರಾಸಿನ ಕಾಲ, 1906ರಿಂದ ಐದೂವರೆ ಗಂಟೆ ಎಂದು ಮಾಡಲಾಯಿತು. 1930ರ ಒಂದು ಮುಂಜಾನೆಯನ್ನು ಹಳೆಯ ಆವೃತ್ತಿಯುಳ್ಳ ಯಂತ್ರದಲ್ಲಿ ಎಣಿಕೆಗೆ ತಿರುಗಿಸಿ, ಹೊಸ ಆವೃತ್ತಿಯುಳ್ಳ ಯಂತ್ರದಲ್ಲಿ ಓದಿದರೆ 23 ನಿಮಿಷ 20 ಸೆಕೆಂಡು ಸರಿದಿರುತ್ತದೆ. ಯಾರೂ ತಪ್ಪು ಮಾಡಿಲ್ಲ. ಪಂಚಾಂಗ ಮಾತ್ರ ಶುದ್ಧಿಯಾಗಿದೆ. ಹೆಸರಿನಲ್ಲಿಯೂ ಇದೇ ಕಥೆ. 2008ಕ್ಕೆ ಹಿಂದಿನ ಆವೃತ್ತಿಗಳಲ್ಲಿ 'ಏಷ್ಯಾ/ಕಲ್ಕತ್ತಾ' ಎಂಬ ಹೆಸರಿತ್ತು. ಹೊಸದು ಹಳೆಯ ಹೆಸರನ್ನೂ ಬಲ್ಲುದು. ಹಳೆಯದಕ್ಕೆ ಹೊಸ ಹೆಸರಿನ ಪರಿಚಯವಿಲ್ಲ, ಮತ್ತೆ ಗ್ರೀನಿಚ್ಚೇ ಗತಿ. 2020ರಲ್ಲಿ ಕೋಷ್ಟಕದ ಕಡತಗಳನ್ನು ಕೃಶಗೊಳಿಸಿ, ಹಳೆಯ 32 ಅಂಕಿಗಳ ಭಾಗವನ್ನು ಬರಿದುಮಾಡುವ ಪದ್ಧತಿ ಬಂದಿತು. ಆ ಭಾಗವನ್ನು ಮಾತ್ರ ಓದಲು ಕಲಿತಿದ್ದ ಹಳೆಯ ಲೈಬ್ರರಿಗಳಿಗೆ ಕಡತ ಕೈಯಲ್ಲಿದ್ದೂ ಹಾಳೆ ಖಾಲಿ.

ಪಾವಗಡದ 96 ಪಾಲು

ಇದೆಲ್ಲ ಯಂತ್ರಜ್ಞರ ಚಿಂತೆ, ರೈತನಿಗೇನು ಎಂದು ಹೇಳುವಂತಿಲ್ಲ. ಮಿಡಿಗೇಶಿಯಿಂದ ಉತ್ತರಕ್ಕೆ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುದಾಗಾರವು ಹರಡಿಕೊಂಡಿದೆ. ಮಳೆಯ ಅಭಾವದಿಂದ ಬೇಸತ್ತ ರೈತರು ತಮ್ಮ ಹೊಲಗಳನ್ನು ಗುತ್ತಿಗೆಗೆ ಕೊಟ್ಟ ನೆಲವಿದು. ನಮ್ಮ ದೇಶದ ವಿದ್ಯುತ್ ವ್ಯವಹಾರದಲ್ಲಿ ದಿನವನ್ನು ಕಾಲು ಗಂಟೆಯ 96 ಪಾಲುಗಳಾಗಿ ಹಂಚಲಾಗಿದೆ. ಯಾವ ಪಾಲಿನಲ್ಲಿ ಎಷ್ಟು ವಿದ್ಯುತ್ತನ್ನು ಕೊಡುವೆವೆಂದು ಮೊದಲೇ ತಿಳಿಸಬೇಕು. ಕೊಟ್ಟ ಮಾತಿಗೂ ಕೊಟ್ಟ ವಿದ್ಯುತ್ತಿಗೂ ಮಿತಿಮೀರಿದ ಅಂತರ ಬಿದ್ದರೆ ಹಣ ತೆರಬೇಕು. ಐದೂವರೆ ಗಂಟೆ ಎಂದರೆ 22 ಪಾಲುಗಳು. ನಮ್ಮ ಎರಡನೆಯ ಪೆಟ್ಟಿಗೆಯ ತಪ್ಪು ಅಂತಹ ಲೆಕ್ಕದಲ್ಲಿ ನುಸುಳಿದರೆ 50ನೆಯ ಪಾಲಿನ ನಡುಹಗಲಿನ ಬಿಸಿಲು 28ನೆಯ ಪಾಲಿನಲ್ಲಿ, ಬೆಳಗಿನ ಏಳಕ್ಕೆ ಮೊದಲೇ ಬಿದ್ದಿರುತ್ತದೆ.

ಮುಂದಿನ ದಿನವೊಂದನ್ನು ಕೂಡ ನೆನಪಿಡಬೇಕಾಗಿದೆ. ಹಳೆಯ ಸಣ್ಣ ಯಂತ್ರಗಳಲ್ಲಿ ಸೆಕೆಂಡುಗಳ ಎಣಿಕೆಗೆ 32 ದ್ವಿಮಾನ ಅಂಕಿಗಳಷ್ಟೇ ಸ್ಥಳ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,147,483,647. ಈ ಎಣಿಕೆ 2038ರ ಜನವರಿ 19ರಂದು ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣದಲ್ಲಿ ಅಂತಹ ಯಂತ್ರ 1901ರ ಡಿಸೆಂಬರಿಗೆ ಜಾರುತ್ತದೆ. ಮಸಲ್ ಲೈಬ್ರರಿಯು 2020ರ 1.2.0 ಆವೃತ್ತಿಯಲ್ಲಿ ಎಣಿಕೆಯ ಸ್ಥಳವನ್ನು 64 ಅಂಕಿಗಳಿಗೆ ಏರಿಸಿತು. ಗ್ಲಿಬ್‌ಸಿಯು 2021ರ 2.34 ಆವೃತ್ತಿಯಲ್ಲಿ 32 ಅಂಕಿಗಳ ಯಂತ್ರಗಳಿಗೂ ಆ ಸೌಕರ್ಯವನ್ನು ಒದಗಿಸಿತು; ಆದರೆ ಕ್ರಮಲೇಖಕನು ಅದನ್ನು ಕೇಳಿ ಪಡೆಯಬೇಕು. ಸೌರಫಲಕಗಳ ಬಾಳಿಕೆಯನ್ನು ಸಾಮಾನ್ಯವಾಗಿ 25 ವರ್ಷವೆಂದು ಎಣಿಸುತ್ತಾರೆ. 2019ರಲ್ಲಿ ನೆಟ್ಟ ಫಲಕ 2038ರಲ್ಲಿಯೂ ಬಿಸಿಲನ್ನು ಹೀರುತ್ತಲೇ ಇರುತ್ತದೆ. ಅದರ ಜೊತೆಗಿರುವ ಪೆಟ್ಟಿಗೆ ಆ ದಿನವನ್ನು ದಾಟಬಲ್ಲುದೆ ಎಂಬುದನ್ನು ಈಗಲೇ ನೋಡಿಕೊಳ್ಳುವುದು ಜಾಣತನ.

ನಾವು ಮಾಡಿದ ತಿದ್ದುಪಡಿ

ನಮ್ಮ ಎರಡನೆಯ ಪೆಟ್ಟಿಗೆಗೆ ಕೋಷ್ಟಕವನ್ನು ಸೇರಿಸಿದೊಡನೆ ಅದು ಸರಿಹೋಯಿತು. ಆದರೂ ವಿದ್ಯಾರ್ಥಿಗಳು ಇನ್ನೂ ಮೂರು ನಿಯಮಗಳನ್ನು ಮಾಡಿಕೊಂಡರು. ಒಂದು: ಮೂಲ ಎಣಿಕೆಯನ್ನು ಎಂದಿಗೂ ಎಸೆಯಬಾರದು, ಅನುವಾದ ತಪ್ಪಿದರೂ ಮೂಲವಿದ್ದರೆ ತಿದ್ದಬಹುದು. ಎರಡು: ಗಂಟೆಯನ್ನು ಬರೆದಲ್ಲೆಲ್ಲ ಅದರ ಪಕ್ಕದಲ್ಲಿ ಗ್ರೀನಿಚ್ಚಿನಿಂದ ಇರುವ ಅಂತರವನ್ನೂ ಬರೆಯಬೇಕು, ಅಂತರವಿಲ್ಲದ ಗಂಟೆ ಊರಿನ ಹೆಸರಿಲ್ಲದ ವಿಳಾಸದಂತೆ. ಮೂರು: ಹುಟ್ಟಿದ ದಿನಾಂಕದಂತಹವನ್ನು ಗಂಟೆಯ ಲೆಕ್ಕಕ್ಕೆ ಸೇರಿಸಲೇಬಾರದು. ಜೂನ್ 1 ಎಂಬುದನ್ನು ಆ ದಿನದ ಮಧ್ಯರಾತ್ರಿ ಎಂದು ಬಗೆದು ಗ್ರೀನಿಚ್ಚಿಗೆ ತಿರುಗಿಸಿದರೆ ಅದು ಮೇ 31ರ ಸಂಜೆ ಆರೂವರೆ ಆಗುತ್ತದೆ. ಅದರಲ್ಲಿ ದಿನಾಂಕವನ್ನು ಮಾತ್ರ ಉಳಿಸಿಕೊಂಡರೆ ಶಾಲೆಗೆ ಸೇರುವ ಮಗುವಿನ ವಯಸ್ಸಿಗೂ, ಪಿಂಚಣಿಗೆ ಕಾದಿರುವ ಮುದುಕರ ವಯಸ್ಸಿಗೂ ಒಂದು ದಿನದ ವ್ಯತ್ಯಾಸ ಬೀಳುತ್ತದೆ.

ನಾಲ್ಕನೆಯದೊಂದನ್ನು ನಾವು ಸೇರಿಸಿದೆವು. ಮಾಳಿಗೆಯ ಮೇಲೆ ಒಂದು ನೇರವಾದ ಕೋಲನ್ನು ನೆಡಿಸಿದ್ದೇವೆ. ಅದರ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತಿಗೆ ಪೆಟ್ಟಿಗೆ ಏನು ಹೇಳುತ್ತದೆಂದು ತಿಂಗಳಿಗೊಮ್ಮೆ ನೋಡುವುದು ಈಗಿನ ಪದ್ಧತಿ. ಯಾವ ಲೈಬ್ರರಿಯಾದರೂ ಆಗಲಿ, ಯಾವ ಆವೃತ್ತಿಯಾದರೂ ಆಗಲಿ, ಏಪ್ರಿಲ್ ಮಧ್ಯದ ಮಿಡಿಗೇಶಿಯಲ್ಲಿ ಆ ಕೋಲು 12 ಗಂಟೆ 21 ನಿಮಿಷವೆಂದೇ ಹೇಳುತ್ತದೆ.